ಕಡಿಸಿದ್ದು ನಮ್ಮ ಸೊಸೆ

ನಾನು ಶಿಡ್ಲಘಟ್ಟದ ಕಡೆಯ ರೇಷ್ಮೆ ಸಾಕುವ ಮನೆಯಲ್ಲಿ ಹುಟ್ಟಿದವಳು. ಹುಳು ದೊಡ್ಡದಾಗುತ್ತಿದ್ದಂತೆ ಬಿಡಿಸಿ ಬಿಡಿಸಿ ಬೇರೆ ತಟ್ಟೆಗೆ ಹಾಕಬೇಕು. ಇಕ್ಕಟ್ಟಿನಲ್ಲಿ ಬಿಟ್ಟರೆ ಹುಳುವೇನೋ ಬದುಕುತ್ತದೆ, ಗೂಡು ಮಾತ್ರ ಒತ್ತಿದರೆ ಒಳಕ್ಕೆ ಹೋಗುವಷ್ಟು ತೆಳ್ಳಗಿರುತ್ತದೆ. ಮದುವೆಯಾಗಿ ತೊಂಡೇಬಾವಿ ಹತ್ತಿರದ ಊರಿಗೆ ಬಂದಾಗ ನನ್ನ ಜೊತೆ ಬಂದ ವಿದ್ಯೆ ಇದೊಂದೇ. ಅದೇ ಸಾಕಾಯಿತು ಎಂದು ಈಗ ಧೈರ್ಯವಾಗಿ ಹೇಳುತ್ತೇನೆ.

ನಮ್ಮ ಮಾವ ರಾಗಿ ಹೊಲದ ಪಕ್ಕದ ಜಮೀನಿಗೆ, ದಪ್ಪಗಾದಷ್ಟೂ ಬೆಲೆ ಬರುವ ಹೆಬ್ಬೇವಿನ ಮರ ಹಾಕಿದರು. ಬದುಕಿದ ಗಿಡಕ್ಕೆ ಇಷ್ಟೆಂದು ಸರ್ಕಾರ ಮೂರು ವರ್ಷ ಸಹಾಯಧನ ಕೊಡುತ್ತದೆ ಎಂದು ತಿಳಿದ ಮೇಲೆ ಹಾಕಿದ್ದು. ಅದಿಲ್ಲದಿದ್ದರೆ ಒಂದು ಸಸಿಯನ್ನೂ ನೆಡುತ್ತಿರಲಿಲ್ಲ, ಹಾಗಾಗಿ ನಾನು ಸರ್ಕಾರವನ್ನು ಬಯ್ಯುವುದಿಲ್ಲ. ಆದರೆ ಗಿಡಕ್ಕೆ ಇಷ್ಟು ಅಂದರೆ ನಮ್ಮ ಜನ ಸುಮ್ಮನಿರುತ್ತಾರೆಯೇ? ಸುತ್ತಮುತ್ತ ಎಲ್ಲರೂ ಒತ್ತೊತ್ತಾಗಿ ನೆಟ್ಟರು. ಸಾಯಲು ಹೊರಟ ಗಿಡಕ್ಕೂ ಅರಣ್ಯ ಇಲಾಖೆಯವರ ಕೊನೆಯ ಎಣಿಕೆಯವರೆಗೆ ಜೀವ ಇರಲೆಂದು ಮಾವ ಬಿಂದಿಗೆಯಲ್ಲಿ ನೀರು ಹೊತ್ತು ಹಾಕುತ್ತಿದ್ದರು.

ಮೂರನೆಯ ವರ್ಷ ತೋಪಿನೊಳಗೆ ಬಿಸಿಲೇ ಬೀಳದಂತಾಯಿತು. ಗಿಡಗಳೆಲ್ಲ ಬೆಳಕು ಹುಡುಕಿಕೊಂಡು ಮೇಲಕ್ಕೆ ಹೋಗಿದ್ದವು, ಬುಡ ಮಾತ್ರ ನನ್ನ ತೋಳಿನ ಗಾತ್ರ. ನನಗೆ ತವರಿನ ತೆಳ್ಳನೆಯ ಗೂಡು ನೆನಪಾಯಿತು.

“ಮಾವ, ಒಂದು ಬಿಟ್ಟು ಒಂದು ತೆಗ್ಸಣ. ಉಳಿದಿದ್ದು ದಪ್ಪ ಆಗ್ತವೆ,” ಅಂದೆ.

“ಎಣ್ಸೋರು ಬಂದು ಹೋಗ್ಲಿ ಕಣಮ್ಮ, ಆಮೇಲೆ ನೋಡಣ.”

“ಅವ್ರು ಬರೋದ್ರೊಳಗೆ ಮಳೆ ಹೋಗುತ್ತೆ. ಈ ಮಳೆ ನೀರೆಲ್ಲ ನಾಳೆ ಕಡಿಯೋ ಗಿಡ ಕುಡೀಬೇಕಾ?”

ಅವರು ಎದ್ದು ಹೋದರು. ಜಮೀನು ಅವರದೇ, ಒಪ್ಪುತ್ತೇನೆ. ಆದರೆ ಗಂಡ ದಿನಾ ಗೌರಿಬಿದನೂರಿಗೆ ಕೆಲಸಕ್ಕೆ ಹೋಗುವುದರಿಂದ ಬೇಸಾಯವೆಲ್ಲ ನನ್ನ ತಲೆ ಮೇಲಿತ್ತು. ಮಾವ ಚಿಂತಾಮಣಿಯ ಮಗಳ ಮನೆಗೆ ಹೋಗಿದ್ದಾಗ ಆಳು ಕರೆಸಿ ಕಡಿಸಿಯೇ ಬಿಟ್ಟೆ. ಉಳಿದವು ದಪ್ಪಗಾಗದಿದ್ದರೆ ಸಹಾಯಧನವನ್ನೂ ಮರವನ್ನೂ ಕಳೆದ ಸೊಸೆ ಎಂಬ ಹೆಸರು ಸಾಯುವವರೆಗೆ ನನಗೆ ಅಂಟಿಕೊಳ್ಳುತ್ತಿತ್ತು. ಭಯವಿತ್ತು. ಆದರೂ ಕಡಿಸಿದೆ. ಕೋಲುಗಳೆಲ್ಲ ಯಾರದೋ ಟೊಮೇಟೊ ತೋಟಕ್ಕೆ ಆಸರೆಯಾಗಿ ಹೋದವು.

ವಾಪಸ್ಸು ಬಂದ ಮಾವ ತೋಪು ನೋಡಿ, “ಅಯ್ಯೋ, ಅಂತಾ ಪೋಯಿಂದೇ!” ಎಂದು ತಲೆ ಮೇಲೆ ಕೈ ಹೊತ್ತು ಕುಳಿತರು. ಎಲ್ಲಾ ಹೋಯಿತಲ್ಲ ಅಂತ; ದುಃಖ ಬಂದರೆ ಅವರಿಗೆ ತೆಲುಗೇ ಬಾಯಿಗೆ ಬರುವುದು. ಎಣಿಸುವವರು ಬಂದರು, ಇದ್ದಷ್ಟನ್ನು ಎಣಿಸಿದರು, ಕೈಗೆ ಬಂದಿದ್ದು ಅರ್ಧ. ಟೀ ಅಂಗಡಿಯಲ್ಲಿ ಯಾರು ಕೇಳಿದರೂ ಮಾವ, “ಕಡ್ಸಿದ್ದು ನಮ್ಮ ಸೊಸೆ,” ಎಂದು ಅಷ್ಟಕ್ಕೇ ಬಾಯಿ ಮುಚ್ಚಿಕೊಳ್ಳುತ್ತಿದ್ದರಂತೆ. ಮನೆಯಲ್ಲಿ ನನ್ನ ಜೊತೆ ಮಾತೇ ಇಲ್ಲ. ಅನ್ನ ಬೇಕಾದರೆ ತಟ್ಟೆ ಸದ್ದು ಮಾಡುತ್ತಿದ್ದರು.

ಮಾತೇನೋ ಆ ಬೇಸಿಗೆ ಕಳೆಯುವುದರೊಳಗೆ ಶುರುವಾಯಿತು. ತೋಪಿನ ವಿಷಯ ಮಾತ್ರ ವರ್ಷಗಟ್ಟಲೆ ನಮ್ಮಿಬ್ಬರ ನಡುವೆ ಬರಲಿಲ್ಲ. ಎಣಿಕೆ ಮುಗಿಯಲೆಂದು ಕಾದ ಪಕ್ಕದ ಜಮೀನಿನವರು ಆಮೇಲೂ ಕಡಿಸಲು ಮನಸ್ಸು ಮಾಡಲಿಲ್ಲ, ಅವರ ಗಿಡಗಳು ಇವತ್ತಿಗೂ ಕೋಲುಕೋಲಾಗಿಯೇ ನಿಂತಿವೆ. ನಮ್ಮವು ತಬ್ಬಿದರೆ ನನ್ನ ತೋಳು ತುಂಬುತ್ತವೆ. ಹೌದು, ತಬ್ಬಿ ನೋಡಿದ್ದೇನೆ, ನಾಚಿಕೆಯೇನಿಲ್ಲ.

ಮೊನ್ನೆ ಚಿಕ್ಕಬಳ್ಳಾಪುರದಿಂದ ಮರದ ವ್ಯಾಪಾರಿಯೊಬ್ಬ ಬಂದಿದ್ದ. ಒಂದೊಂದೇ ಬುಡ ತಟ್ಟಿ ನೋಡಿ, “ಭಾರಿ ಚೆನ್ನಾಗಿ ಬಿಡಿಸಿದೀರ ಯಜಮಾನ್ರೇ. ಯಾವ ಸಾಹೇಬ್ರು ಹೇಳ್ಕೊಟ್ರು?” ಎಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಮಾವ ಮರದ ಮೇಲೆ ಕೈಯಿಟ್ಟು, “ಯಾವ ಸಾಹೇಬ್ರೂ ಅಲ್ಲ ಕಣಪ್ಪ. ಕಡ್ಸಿದ್ದು ನಮ್ಮ ಸೊಸೆ,” ಎಂದರು.

ಈ ಸಲ ಅಷ್ಟಕ್ಕೇ ಬಾಯಿ ಮುಚ್ಚಿಕೊಳ್ಳಲಿಲ್ಲ. ಆ ವ್ಯಾಪಾರಿ ಗಾಡಿ ಹತ್ತುವವರೆಗೂ ಹೇಳುತ್ತಲೇ ಇದ್ದರು.