ಮೂಡಿಗೆರೆಯಲ್ಲಿ ರೊಟ್ಟಿಗೆ ಇಟ್ಟ ಎಸರು

ಬಂದ ಮೂರನೆಯ ದಿನ ನನ್ನ ಕಣ್ಣೆದುರಿಗೇ ನನ್ನ ಜೋಳದ ರೊಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ, ವೀಳ್ಯದೆಲೆಯಂತೆ ಮಡಚಿ, ಒಳಗೆ ಬಿದಿರು ತುಂಬಿಸಿದರು. ಬಿದಿರು! ನಮ್ಮ ಬಾದಾಮಿ ಸೀಮೆಯಲ್ಲಿ ಬಿದಿರೆಂದರೆ ನಿಚ್ಚಣಿಕೆ, ಬುಟ್ಟಿ, ಕೊನೆಗೆ ಚಟ್ಟ. ಬೆಂಗಳೂರಿನಿಂದ ಕಾರಿನಲ್ಲಿ ಬಂದಿದ್ದ ಗಂಡ ಹೆಂಡತಿ ಮೊದಲು ಅದರ ಫೋಟೊ ತೆಗೆದರು, ಆಮೇಲೆ ಕಣ್ಣು ಮುಚ್ಚಿಕೊಂಡು ತಿಂದರು. ಯಾವಾಗ ಹೊಟ್ಟೆ ಹಿಡಿದುಕೊಳ್ಳುತ್ತಾರೋ ಎಂದು ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತ ನಿಂತಿದ್ದೆ. ಅವರು ಇನ್ನೊಂದು ತಟ್ಟೆ ತರಿಸಿಕೊಂಡರು.

ಊರಿನಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದ ಖಾನಾವಳಿಯ ಕಟ್ಟಡವನ್ನು ಮಾಲೀಕರು ಬಿಡಿಸಿಕೊಂಡ ಮೇಲೆ ನನ್ನ ಕೈಗೆ ಕೆಲಸವಿರಲಿಲ್ಲ. ಮೂಡಿಗೆರೆಯ ಹತ್ತಿರ ಕಾಫಿ ಎಸ್ಟೇಟಿನವರೊಬ್ಬರು ಹೋಟೆಲ್ ತೆರೆದಿದ್ದಾರೆ, ರೊಟ್ಟಿ ಬಡಿಯುವವರು ಬೇಕಂತೆ ಎಂದು ಪರಿಚಯದವರು ಹೇಳಿದರು. ಹೋದ ವರ್ಷ ಮಳೆ ಹಿಡಿಯುವ ಹೊತ್ತಿಗೆ ಒಂದು ಟ್ರಂಕು, ಒಂದು ಹಂಚು, ಅರ್ಧ ಚೀಲ ಹಿಟ್ಟು ಹೊತ್ತುಕೊಂಡು ಬಂದಿಳಿದೆ. ಹೋಟೆಲಿನ ಒಡತಿ ವಸುಧಾ ಮೇಡಂ ಬಹಳ ಓದಿದವರು. ಅವರ ಅಡುಗೆಯ ಪಟ್ಟಿಯಲ್ಲಿ ಬಂಗಾಳದ ಸಾಸಿವೆ ಮೀನು, ರಾಜಸ್ಥಾನದ ಕಡಲೆಹಿಟ್ಟಿನ ಸಾರು, ಕೇರಳದ ಅಪ್ಪ, ಎಲ್ಲವೂ ಇವೆ. ಇದ್ದರೆ ಇರಲಿ, ಅವು ಇದ್ದ ಹಾಗೆ ಇರುವುದಿಲ್ಲ. ಮಲೆನಾಡಿನ ಕಡುಬಿಗೆ ನಮ್ಮ ಎಣ್ಣೆಗಾಯಿ, ನಮ್ಮ ರೊಟ್ಟಿಗೆ ಇವರ ಬಿದಿರು. ಊರಲ್ಲಿ ಹೀಗೆ ಬಡಿಸಿದ್ದರೆ ಅಡುಗೆಯವರಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಇಲ್ಲಿ ಇದಕ್ಕೆ ಫ್ಯೂಷನ್ ಎನ್ನುತ್ತಾರೆ.

ಮೇಡಂ ಮೊದಲ ದಿನವೇ ಹೇಳಿದ್ದರು. "ಮೂರು ತಿಂಗಳು ನೋಡ್ತೀನಿ ಗಂಗಕ್ಕ. ರೊಟ್ಟಿ ಸರಿಯಾಗಿ ಬರ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ." ಅಷ್ಟು ಮೆತ್ತಗೆ ಕೆಲಸದಿಂದ ತೆಗೆಯುವ ಮಾತಾಡುವವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನಮ್ಮಲ್ಲಿ ಬೈಯುವವರು ಬೈಯುತ್ತಾರೆ, ಮರುದಿನ ಕರೆದು ಊಟಕ್ಕೆ ಹಾಕುತ್ತಾರೆ. ಇಲ್ಲಿ ಎಲ್ಲರೂ ನಗುತ್ತಲೇ ಮಾತಾಡುವುದರಿಂದ ಯಾರು ಯಾವಾಗ ಸಿಟ್ಟಾಗಿದ್ದಾರೆ ಎಂದು ತಿಳಿಯುವುದಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ನಾನು ಹಿಡಿದ ಕೋಣೆಯ ಮನೆಯೊಡತಿ ಕೇಳದೆಯೇ ಹಲಸಿನ ಹಪ್ಪಳ ತಂದುಕೊಟ್ಟಾಗಲೂ ಇದೇಕೆ ಎಂದು ಎರಡು ದಿನ ಯೋಚಿಸಿ ಆಮೇಲೆ ಸುಟ್ಟುಕೊಂಡು ತಿಂದೆ.

ಅಡುಗೆಮನೆಯಲ್ಲಿ ನನಗಿಂತ ಮೊದಲಿನಿಂದ ಇದ್ದವರು ಸುಶೀಲಕ್ಕ. ಮಲ್ಲಂದೂರಿನ ಕಡೆಯವರು, ಕಡುಬು ಮತ್ತು ಅಕ್ಕಿರೊಟ್ಟಿಯ ಹೊಣೆ ಅವರದು. ಬಿದಿರಿನ ಎಳೆ ಮೊಳಕೆಗೆ ಇಲ್ಲಿ ಕಳಲೆ ಎನ್ನುತ್ತಾರೆ. ಅದನ್ನು ಹೆಚ್ಚಿ ಬಕೆಟ್ಟಿನಲ್ಲಿ ನೆನೆಹಾಕಿ ಮೂರು ದಿನ ನೀರು ಬದಲಿಸುವ ಕೆಲಸವೂ ಅವರದೇ. ಏಕೆ ಎಂದು ಕೇಳಿದೆ.

"ಇಲ್ದಿದ್ರೆ ಕಹಿ ಮಾರಾಯ್ತಿ, ಹೊಟ್ಟೆಗೂ ಆಗಲ್ಲ," ಎಂದರು.

ಮೂರು ದಿನ ತೊಳೆದರಷ್ಟೇ ಹೊಟ್ಟೆಗಾಗುವ ವಸ್ತುವನ್ನು ತಿನ್ನಲೇಬೇಕೆಂದು ಇವರಿಗೆ ಯಾರು ಹೇಳಿದರೋ! ಅಂಥದ್ದನ್ನು ಅಷ್ಟು ಸಮಾಧಾನದಿಂದ ತೊಳೆಯುವ ಹೆಂಗಸಿನ ಮೇಲೆ ಒಂದು ಕಣ್ಣಿಡಬೇಕು ಎಂದುಕೊಂಡೆ.

ಹದಿನೈದು ದಿನ ಕಳೆಯುವಷ್ಟರಲ್ಲಿ ನನ್ನ ರೊಟ್ಟಿ ಹರಿಯತೊಡಗಿತು. ಬಡಿಯುವಾಗಲೇ ಅಂಚು ಬಿರಿಯುವುದು, ಹಂಚಿಗೆ ಹಾಕುವಾಗ ಎರಡು ತುಂಡಾಗುವುದು. ಇಪ್ಪತ್ತು ವರ್ಷ ರೊಟ್ಟಿ ಬಡಿದ ಕೈ ನನ್ನದು. ಊರಲ್ಲಿ ಎಂಟು ದಿನಕ್ಕೊಮ್ಮೆ ಗಿರಣಿಯಲ್ಲಿ ಹೊಸದಾಗಿ ಬೀಸಿಸುತ್ತಿದ್ದೆವು, ಇಲ್ಲಿ ನಾನು ಹೊತ್ತು ತಂದ ಹಿಟ್ಟು, ಅದು ಮುಗಿದರೆ ಊರಿನಿಂದ ಅಣ್ಣ ಬಸ್ಸಿಗೆ ಹಾಕಿ ಕಳಿಸುವ ಹಿಟ್ಟು, ತಿಂಗಳುಗಟ್ಟಲೆ ಬರಬೇಕು. ಹಿಟ್ಟಿನ ಜಿಗಿ, ಅಂದರೆ ಅಂಟು, ಹೋಗಿದೆ ಎಂದು ನನಗೆ ಗೊತ್ತಾಗದೇ ಇರಲಿಲ್ಲ. ಆದರೂ ಯಾರೋ ಬೆರಕೆ ಮಾಡುತ್ತಿದ್ದಾರೆ ಎಂದು ನಂಬುವುದು ನನಗೆ ಹೆಚ್ಚು ಸುಲಭವಾಗಿತ್ತು. ಡಬ್ಬಿಗೆ ಬೀಗ ಹಾಕಿದೆ. ಅದೂ ಸಾಲದೆ, ಸಂಜೆ ಹೊರಡುವಾಗ ಹಿಟ್ಟಿನ ಮೇಲೆ ನಾಲ್ಕು ಬೆರಳು ಒತ್ತಿ ಗುರುತು ಮಾಡಿ ಹೋಗುತ್ತಿದ್ದೆ. ಬೆಳಿಗ್ಗೆ ಗುರುತು ಹಾಗೇ ಇರುತ್ತಿತ್ತು, ರೊಟ್ಟಿಯೂ ಹಾಗೇ ಹರಿಯುತ್ತಿತ್ತು. ಮೇಡಂ ಎರಡು ಸಲ ಬಂದು ನೋಡಿ ನಕ್ಕು ಹೋದರು. ಆ ನಗು ಯಾವ ಲೆಕ್ಕದ್ದೋ ತಿಳಿಯಲಿಲ್ಲ. ಕೆಲಸ ಹೋದರೆ ಯಾವ ಮುಖ ಹೊತ್ತು ಅಣ್ಣನ ಮನೆಗೆ ಹೋಗಲಿ?

ಆಮೇಲೆ ಒಂದು ದಿನ ರೊಟ್ಟಿ ಹರಿಯಲಿಲ್ಲ. ಹುಣ್ಣಿಮೆಯ ಚಂದ್ರನಂತೆ ಅಗಲವಾಗಿ ಬಂತು, ಹಂಚಿನ ಮೇಲೆ ಉಬ್ಬಿತು. ಮರುದಿನವೂ ಹಾಗೆಯೇ. ಮೇಡಂ ಅಡುಗೆಯ ಪಟ್ಟಿಯಲ್ಲಿ 'ಉತ್ತರ ಕರ್ನಾಟಕದ ಅಪ್ಪಟ ಜೋಳದ ರೊಟ್ಟಿ' ಎಂದು ದಪ್ಪಕ್ಷರದಲ್ಲಿ ಬರೆಸಿದರು. ಬೇರೆಯವರಾಗಿದ್ದರೆ ದೇವರಿಗೆ ಕೈಮುಗಿದು ಸುಮ್ಮನಾಗುತ್ತಿದ್ದರು. ನನ್ನ ಅನುಮಾನ ನಿಜವಾಗಿ ಶುರುವಾದದ್ದೇ ಆಗ. ಅದೇ ಹಿಟ್ಟು, ಅದೇ ಕೈ, ರೊಟ್ಟಿ ಮಾತ್ರ ಬೇರೆ. ಬಾಯಿಗಿಟ್ಟರೆ ಕೊನೆಯಲ್ಲೊಂದು ಸಪ್ಪೆ ಮೆತ್ತನೆಯ ರುಚಿ ಬರುತ್ತಿತ್ತು. ನನ್ನ ರೊಟ್ಟಿಯಲ್ಲಿ ನನ್ನದಲ್ಲದ್ದು ಏನೋ ಇತ್ತು. ಬೀಗ ನೋಡಿದೆ, ಬೆರಳಿನ ಗುರುತು ನೋಡಿದೆ, ಎರಡೂ ಸರಿಯಾಗಿದ್ದವು.

ನೀರಿನ ಮೇಲೆ ಅನುಮಾನ ಪಡಬೇಕೆಂದು ನನಗೂ ಹೊಳೆದಿರಲಿಲ್ಲ. ರೊಟ್ಟಿಗೆ ಕುದಿಯುವ ನೀರಿನಲ್ಲಿ ಹಿಟ್ಟು ನಾದಬೇಕು, ಅದಕ್ಕೇ ಎಸರು ಎನ್ನುವುದು. ಬೆಳಿಗ್ಗೆ ಮೊದಲು ಬಂದು ಒಲೆ ಹಚ್ಚಿ ಎಲ್ಲರ ಎಸರನ್ನೂ ಇಡುತ್ತಿದ್ದವರು ಸುಶೀಲಕ್ಕ. ನೀರು ಸ್ವಲ್ಪ ಬೆಳ್ಳಗಿರುತ್ತಿತ್ತು, ಮಳೆಗಾಲದ ಬಾವಿನೀರು ಎಂದುಕೊಂಡಿದ್ದೆ.

ಒಂದು ದಿನ ಬೆಳಕು ಹರಿಯುವಾಗಲೇ ಹೋಗಿ ಹಿಂದಿನ ಬಾಗಿಲಲ್ಲಿ ನಿಂತೆ. ಸುಶೀಲಕ್ಕ ಅನ್ನದ ತಪ್ಪಲೆ ಬಗ್ಗಿಸಿ, ಗಂಜಿಯ ತಿಳಿಯನ್ನು ನನ್ನ ಎಸರಿನ ಪಾತ್ರೆಗೆ ಸೋಸುತ್ತಿದ್ದರು.

"ಏನ್ ಮಾಡಾಕತ್ತೀರಿ ಅದರಾಗ?" ಎಂದು ಕೂಗಿದೆ. ಸಿಟ್ಟಿಗೆ ಊರ ಮಾತೇ ಬಂತು.

ಅವರು ಬೆಚ್ಚಲಿಲ್ಲ. ತಪ್ಪಲೆ ಪೂರ್ತಿ ಬಸಿದು, ಸೆರಗಿಗೆ ಕೈ ಒರೆಸಿಕೊಂಡರು. "ನಿಮ್ಮ ಹಿಟ್ಟಿಗೆ ಇಲ್ಲಿನ ಥಂಡಿ ಹಿಡಿದಿದೆ ಗಂಗಕ್ಕ, ಬರೀ ನೀರಿಗೆ ಕೂಡಲ್ಲ. ಅಕ್ಕಿರೊಟ್ಟಿಗೆ ನಾವು ಅನ್ನ ಹಾಕಿ ನಾದ್ತೀವಲ್ಲ, ಅದೇ ಲೆಕ್ಕ. ಗಂಜಿ ಹಿಡ್ಕೊಳ್ತದೆ."

"ನನಗ ಹೇಳಬಾರದಿತ್ತಾ?"

"ಹೇಳಿದ್ರೆ ಕೇಳ್ತಿದ್ರಾ? ಹಿಟ್ಟಿನ ಡಬ್ಬಿಗೆ ಬೀಗ ಹಾಕೋರಿಗೆ ಎಂತ ಹೇಳೋದು ಮಾರಾಯ್ತಿ!"

ನಾನು ಸೋಲಲು ಸಿದ್ಧಳಿರಲಿಲ್ಲ. ನನ್ನ ಕೆಲಸ ಉಳಿಸಿದರೆ ನಿಮಗೇನು ಲಾಭ ಎಂದು ನೇರವಾಗಿಯೇ ಕೇಳಿದೆ.

ಸುಶೀಲಕ್ಕ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನೀವು ಹೋದ್ರೆ ಅಮ್ಮಾವ್ರು ರೊಟ್ಟಿ ಮಷೀನ್ ತರ್ಸ್ತಾರಂತೆ. ಜೋಳಕ್ಕೆ ಬಂದ ಮಷೀನು ಅಕ್ಕಿಗೆ ಬರಕ್ಕೆ ಎಷ್ಟು ದಿನ ಬೇಕು? ನಂಗೆ ಬೇರೆ ಎಂತ ಕೆಲಸ ಗೊತ್ತುಂಟು ಹೇಳಿ."

ಈ ಮಾತನ್ನು ಮಾತ್ರ ನಾನು ತಕ್ಷಣ ನಂಬಿದೆ. ಬರೀ ಕರುಣೆಯಿಂದ ಮಾಡಿದೆ ಎಂದಿದ್ದರೆ ಇವತ್ತಿಗೂ ನಂಬುತ್ತಿರಲಿಲ್ಲ. ಸೊಂಟದಿಂದ ಕೀಲಿಕೈ ತೆಗೆದು ಡಬ್ಬಿಯ ಬೀಗ ಬಿಚ್ಚಿದೆ. ಒಳಗೆ ನನ್ನ ನಾಲ್ಕು ಬೆರಳಿನ ಗುರುತು ನೋಡಿ ಸುಶೀಲಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾಚಿಕೆಯಾಯಿತು, ಆದರೆ ನನಗೂ ನಗು ಬಂತು. ಈ ಊರಿಗೆ ಬಂದ ಮೇಲೆ ನಾನು ನಕ್ಕದ್ದು ಅದೇ ಮೊದಲು. ಅವತ್ತು ಮಧ್ಯಾಹ್ನ ಕಳಲೆಯ ಪಲ್ಯವನ್ನೂ ತಿಂದೆ. ಚೆನ್ನಾಗಿತ್ತು ಎಂದು ಹೇಳಲು ನನಗಿನ್ನೂ ಮನಸ್ಸಿಲ್ಲ, ಆದರೆ ಎರಡನೆಯ ಸಲ ಹಾಕಿಸಿಕೊಂಡೆ.

ಮೂರು ತಿಂಗಳಾದ ಮೇಲೆ ಮೇಡಂ ಇರಿ ಎಂದರು. 'ಅಪ್ಪಟ' ಎಂಬ ಅಕ್ಷರಗಳು ಪಟ್ಟಿಯಲ್ಲಿ ಹಾಗೇ ಉಳಿದವು. ಗಂಜಿಯ ವಿಷಯ ನಾವಿಬ್ಬರೂ ಯಾರಿಗೂ ಹೇಳಲಿಲ್ಲ.

ಈ ವರ್ಷ ಪಂಚಮಿಗೆ ಊರಿಗೆ ಹೋದೆ. ನಾಗರ ಪಂಚಮಿಯ ಮುಂಚೆ ನಮ್ಮಲ್ಲಿ ರೊಟ್ಟಿ ಹಬ್ಬ. ಬಡಿದು ಒಣಗಿಸಿದ ಕಡಕ್ ರೊಟ್ಟಿಗಳನ್ನು ಪಲ್ಯ, ಚಟ್ನಿಯ ಜೊತೆ ಮನೆಮನೆಗೆ ಹಂಚುತ್ತೇವೆ, ಯಾರ ಮನೆಯ ರೊಟ್ಟಿ ಹೇಗಿದೆ ಎಂದು ಓಣಿಯೆಲ್ಲ ಮಾತಾಡುತ್ತದೆ. ಅಣ್ಣನ ಹೆಂಡತಿ, ನಮ್ಮ ವೈನಿ, ರೊಟ್ಟಿಯ ಕೆಲಸ ನನಗೇ ಬಿಟ್ಟಿದ್ದಳು. ಹಿಟ್ಟು ಹಿಂದಿನ ದಿನವಷ್ಟೇ ಬೀಸಿಸಿದ್ದು, ಜಿಗಿ ತುಂಬಿತ್ತು. ಗಂಜಿ ಬೇಕಾಗಿಯೇ ಇರಲಿಲ್ಲ. ಆದರೂ ಒಲೆಯ ಮೇಲೆ ಅನ್ನ ಬೆಂದದ್ದು ಕಂಡಿತು, ನನ್ನ ಕೈ ತಾನಾಗಿಯೇ ಗಂಜಿಯನ್ನು ಎಸರಿಗೆ ಬಸಿಯಿತು.

ಸಂಜೆ ವೈನಿ ಒಣಗಿದ ರೊಟ್ಟಿಯೊಂದನ್ನು ಮುರಿದಳು. ಕಡಕ್ ರೊಟ್ಟಿ ಮುರಿದರೆ ಪಟ್ ಎಂದು ಸಪ್ಪಳ ಬರಬೇಕು. ಬರಲಿಲ್ಲ. ಒಂದು ತುಂಡು ಬಾಯಿಗೆ ಹಾಕಿ, ಅಗಿಯುತ್ತ, ನನ್ನನ್ನೇ ನೋಡಿದಳು.

"ಏನ್ ಹಾಕೀದಿ ಬೇ ಇದರಾಗ?"

ಏನೂ ಇಲ್ಲ ಎಂದೆ. ಅವಳು ನನ್ನ ರೊಟ್ಟಿಗಳನ್ನು ಬದಿಗೆ ಸರಿಸಿದಳು. ಓಣಿಗೆ ಹಂಚಲು ಪಕ್ಕದ ಮನೆಯಿಂದ ರೊಟ್ಟಿ ಕೇಳಿ ತಂದಳು.

ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ವೈನಿ ಒಲೆಯ ಮುಂದೆ ಕೂತಿದ್ದಳು. ಎಸರಿನ ಪಾತ್ರೆಯ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಅವಳ ಕೈ.

"ಎಸರು ನಾ ಇಡ್ತೀನಿ," ಎಂದಳು. "ನೀ ಬರೇ ಬಡಿ, ಸಾಕು."

ಅವಳ ಅನುಮಾನದಲ್ಲಿ ತಪ್ಪೇನಿತ್ತು? ಹಿಟ್ಟು ನಾದುವ ಪರಾತದ ಮುಂದೆ ಕೂತು, ಅವಳು ನೀರು ಹಾಕುವುದನ್ನೇ ಕಾಯುತ್ತ, ಮೂಡಿಗೆರೆಯಲ್ಲಿ ಈ ಹೊತ್ತಿಗೆ ಸುಶೀಲಕ್ಕ ಒಲೆ ಹಚ್ಚಿರುತ್ತಾರೆ, ನಾನು ಬರುವವರೆಗೆ ನನ್ನ ಪಾತ್ರೆಯನ್ನು ಮಾತ್ರ ಖಾಲಿ ಇಟ್ಟಿರುತ್ತಾರೆ ಎಂದುಕೊಂಡೆ.