ಎಡಗೈಯಲ್ಲಿ ಕೊಟ್ಟ ಚಹಾ

ರೇಷ್ಮೆಯೂರು ಮರ್ಗಿಲಾನಿನ ಶರಾಫತ್ ಮನೆಗೆ ಮುಹಯ್ಯೊ ಸೊಸೆಯಾಗಿ ಬಂದದ್ದು ರೇಷ್ಮೆಹುಳುಗಳು ಹೊಟ್ಟೆಬಾಕಗಳಾಗುವ ವಸಂತದಲ್ಲಿ. ಬೆಳಗಾದರೆ ಕೈ ಮೇಲೆತ್ತಿ ಹಿಪ್ಪುನೇರಳೆ ಕೊಂಬೆ ಕಡಿಯಬೇಕು. ನಾಲ್ಕು ಕೊಂಬೆಗೇ ಅವಳ ಬಲಗೈ ಬಿಳುಚಿಕೊಂಡು, ತಣ್ಣಗಾಗಿ, ಕಿರುಬೆರಳಿಂದ ಜೋಮು ಹಿಡಿಯುತ್ತಿತ್ತು. ಇಳಿಸಿದರೆ ಮತ್ತೆ ಸರಿ. ಅದೇ ಅವಳ ಗ್ರಹಚಾರ. ಮರದಡಿ ಸತ್ತಂತಿದ್ದ ಕೈ ಅತ್ತೆಯೆದುರು ಬರುವಷ್ಟರಲ್ಲಿ ಎಲ್ಲರ ಕೈಯಂತಾಗಿರುತ್ತಿತ್ತು.

"ಏನಮ್ಮಾ ಮಹಾರಾಣಿ, ಕೊಂಬೆ ಕಡಿಯೋವಾಗ ಬರೋ ನೋವು ಪಲಾವ್ ತಿನ್ನೋವಾಗ ಎಲ್ಲಿಗ್ ಹೋಗತ್ತೆ?" ಎನ್ನುತ್ತಿದ್ದಳು ಅತ್ತೆ ಶರಾಫತ್.

ಹಕೀಮ ಅವಳ ಕೈಯನ್ನು ದಿಂಬಿನ ಮೇಲಿಡಿಸಿ ನಾಡಿ ಹಿಡಿದ. "ನಾಡಿ ಕುದುರೆ ಹಾಗಿದೆ. ರೋಗ ಅಲ್ಲ ಇದು, ಮೈಗಳ್ಳತನ." ದಿಂಬಿನ ಮೇಲೆ ಮಲಗಿದ ಕೈಗೆ ಏನಾಗಿರುತ್ತದೆ, ಹೇಳಿ!

ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬಂದ ದಿನವೂ ಮುಹಯ್ಯೊ ಬೆಳಗೆಲ್ಲ ಕೊಂಬೆ ಕಡಿದಿದ್ದಳು. ಅಂದು ಮಾತ್ರ ಕೈ ಇಳಿಸಿದ ಮೇಲೂ ಬಲಗೈ ಬೆರಳುಗಳಿಗೆ ಹಿಡಿತ ಬಂದಿರಲಿಲ್ಲ. ಬಟ್ಟಲು ಬಿದ್ದೀತೆಂದು ಹೆದರಿ ಹಿರಿಯರಿಗೆ ಎಡಗೈಯಲ್ಲಿ ಚಹಾ ಕೊಟ್ಟಳು. ಅವರು ಮುಖ ಗಂಟಿಕ್ಕಿಕೊಂಡು, ಸಂಬಂಧ ಒಪ್ಪಿದ್ದಕ್ಕೆ ಗುರುತಾಗಿ ಮುರಿಯುವ ರೊಟ್ಟಿಯನ್ನು ಮುರಿಯದೆ ಎದ್ದುಹೋದರು.

"ಬೇಕಂತಲೇ ನನ್ನ ಮಗಳ ಮದುವೆ ಕೆಡಿಸಿದ್ಲು! ಇವಳನ್ನ ತವರಿಗೆ ಅಟ್ಟು" ಎಂದು ಶರಾಫತ್ ಮಗನ ಮೇಲೆ ಹರಿಹಾಯ್ದಳು. ಗಂಡ ಇಲ್ಹೋಮ್ ಕೊನೆಯ ಸಲವೆಂದು ಹೆಂಡತಿಯನ್ನು ಪೇಟೆಯ ಆಸ್ಪತ್ರೆಗೆ ಕರೆದೊಯ್ದ.

ಡಾಕ್ಟರಮ್ಮ, "ಎರಡೂ ಕೈ ಎತ್ತಿ ಮುಷ್ಟಿ ಬಿಗಿ, ಬಿಡು, ಹಾಗೇ ಮಾಡ್ತಿರು" ಎಂದಳು. ಸ್ವಲ್ಪ ಹೊತ್ತಿಗೇ ಬಲಗೈ ನಾದಿದ ಹಿಟ್ಟಿನ ಬಣ್ಣಕ್ಕೆ ತಿರುಗಿತು. ಆಕೆ ಇಲ್ಹೋಮನ ಬೆರಳನ್ನು ಅವಳ ಮಣಿಕಟ್ಟಿಗೆ ಒತ್ತಿದಳು.

"ನಾಡಿ ಸಿಗ್ತಿದ್ಯೇನಪ್ಪಾ?"

"ಇಲ್ಲ ಡಾಕ್ಟ್ರೇ…"

"ಇಳಿಸಮ್ಮ. ಈಗ?"

"ಸಿಕ್ತು."

ಕುತ್ತಿಗೆಯ ಬುಡದಲ್ಲಿ ಹುಟ್ಟಿನಿಂದಲೇ ಒಂದು ಹೆಚ್ಚುವರಿ ಪಕ್ಕೆಲುಬು. ಕೈ ಎತ್ತಿದರೆ ರಕ್ತನಾಳವೂ ನರವೂ ಅದಕ್ಕೆ ಸಿಕ್ಕಿ ಅಮುಕಿಹೋಗುತ್ತವೆ. ಎಕ್ಸ್-ರೇಯಲ್ಲಿ ಎದ್ದು ಕಾಣುತ್ತಿತ್ತು. "ಆಪರೇಷನ್ ಮಾಡಿದ್ರೆ ಸರಿಹೋಗತ್ತೆ" ಎಂದಳು ಡಾಕ್ಟರಮ್ಮ.

ಮುಹಯ್ಯೊ ದಾರಿಯುದ್ದಕ್ಕೂ ಸಂತೋಷಕ್ಕೆ ಅತ್ತಳು. "ನೋಡಿ ಅತ್ತೆ, ನಾನು ಸೋಮಾರಿ ಅಲ್ಲ" ಎಂದು ಎಕ್ಸ್-ರೇ ಮುಂದಿಟ್ಟಳು.

ಶರಾಫತ್ ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಹುಟ್ಟಿದಾಗ್ಲಿಂದ್ಲೇ ಇತ್ತಾ? ಸೋಮಾರಿ ಆಗಿದ್ರೆ ತಿದ್ತಿದ್ದೆ. ನಿನ್ನ ತವರಿನವರು ಐಬು ಮುಚ್ಚಿಟ್ಟು ಇಂಥ ಹುಡುಗೀನ ನಮ್ಮ ತಲೆಗೆ ಕಟ್ಟಿದ್ರಲ್ಲಾ!"

ತನ್ನ ಬೆರಳಿನಡಿಯೇ ಹೆಂಡತಿಯ ನಾಡಿ ನಿಂತದ್ದನ್ನು ಕಂಡ ಗಂಡಸು ಒಳಗೆ ಹೋಗಿ ಅವಳ ಪೆಟ್ಟಿಗೆ ಹೊತ್ತು ತಂದ.

ಸಂಜೆಗೆ ಮುಹಯ್ಯೊ ಪೆಟ್ಟಿಗೆ ಸಮೇತ ತವರಿನ ಬಾಗಿಲಲ್ಲಿದ್ದಳು. ಎಲ್ಲ ಕೇಳಿದ ತಾಯಿ ಹಣೆ ಚಚ್ಚಿಕೊಂಡಳು.

"ಅಯ್ಯೋ ಹುಚ್ಚಿ, ಸೋಮಾರಿ ಅನ್ನಿಸ್ಕೊಂಡೇ ಅಲ್ಲಿ ಇದ್ದುಬಿಡಬಾರದಿತ್ತಾ?"