ಅಂಜಿಕೆ ಹೇಳಲು ಕಲಿಸಿದ ಅಕ್ಕಾರು

ನಮಗೆ ಜರ್ಮನ್ ಕಲಿಸುತ್ತಿದ್ದ ಅಕ್ಕಾರ ಬಲಗೈ ಹೆಬ್ಬೆರಳು ದಪ್ಪ, ಅದರ ಉಗುರು ಅರ್ಧಕ್ಕೆ ಸೀಳಿತ್ತು. ಆ ಬೆರಳು ಲ್ಯಾಪ್‌ಟಾಪಿನ ಗುಂಡಿ ಒತ್ತಿದರೆ ಪರದೆಯ ಮೇಲಿನ ಕಾರ್ಟೂನು ಗಕ್ಕನೆ ನಿಲ್ಲುತ್ತಿತ್ತು, ನನ್ನ ಉಸಿರೂ. ಮರುಕ್ಷಣ ಅವರು ಯಾರನ್ನಾದರೂ ನೋಡಿ ಕೇಳುತ್ತಿದ್ದರು: "ಈಗ ಏನಾತು? ಜರ್ಮನ್‌ದಾಗ ಹೇಳು."

ಘಟಪ್ರಭಾ ಸ್ಟೇಷನ್ನಿನ ಎದುರು, ಔಷಧಿ ಅಂಗಡಿಯ ಮಹಡಿಯಲ್ಲಿ ಅವರ ಕ್ಲಾಸು. ನರ್ಸಿಂಗ್ ಮುಗಿಸಿ ಜರ್ಮನಿಗೆ ಹೊರಟಿದ್ದ ನಾವು ಕೆಲವು ಹುಡುಗಿಯರು. ವ್ಯಾಕರಣ ಆಮೇಲೆ, ಮೊದಲು ಮಾತೇ ಇಲ್ಲದ ಪುಟ್ಟ ಕಾರ್ಟೂನ್ ಸಿನಿಮಾ. ಮಾತು ನಾವು ಹಾಕಬೇಕು. "ತಪ್ಪ ಹೇಳ್ರಿ, ಆದ್ರ ಹೇಳ್ರಿ" ಎನ್ನುತ್ತಿದ್ದರು. ನಾನು ಮಾತ್ರ ಹೆದರಿ ಬಾಯಿ ಬಿಡದೆ ನಗುತ್ತಿದ್ದೆ.

ಒಂದು ಮಧ್ಯಾಹ್ನ ಹಾಕಿದ ಸಿನಿಮಾದಲ್ಲಿ ಕೋಳಿಯೊಂದರ ಮನೆಗೆ ನೀರು ನುಗ್ಗಿತು. ಕೋಳಿ ಬುಟ್ಟಿ ಹತ್ತಿ ತೇಲುವುದನ್ನು ಕಂಡು ಎಲ್ಲರೂ ನಕ್ಕರು. ನನಗೆ ನಗಲಾಗಲಿಲ್ಲ. ಹೊಳೆ ನಮ್ಮೂರು ಮಸಗುಪ್ಪಿಯೊಳಗೆ ನುಗ್ಗಿದ ವರ್ಷ ಅಜ್ಜಿಯೂ ನಾನೂ ಮಾಳಿಗೆಯ ಮೇಲೆ ಕೂತು, ಕೆಳಗೆ ನಮ್ಮ ಕುರಿಮರಿಗಳು ಕೂಗುವುದನ್ನು ಕೇಳಿದ್ದೆವು, ಕೂಗು ನಿಲ್ಲುವವರೆಗೂ. ಎದ್ದು ಮೆಟ್ಟಿಲಿಗೆ ಓಡಿದೆ.

ಅಕ್ಕಾರು ಹಿಂದೆಯೇ ಬಂದು ಪಕ್ಕದಲ್ಲಿ ಕೂತರು.

"ಏನಾತು ತಂಗಿ?"

"ಅಂಜಿಕಿ ಆಗಾಕತ್ತೈತ್ರಿ."

"ಅದನ್ನ ಜರ್ಮನ್‌ದಾಗ ಹೇಳು."

ಸಿಟ್ಟು ಬಂತು. ಅವರು ಕಾಯುತ್ತಲೇ ಇದ್ದರು. "ಇಷ್ ಹಾಬೆ ಆಂಗ್ಸ್ಟ್" ಎಂದೆ.

ಆಗ ಅವರು ಹೇಳಿದರು: "ಮದುವಿ ಆಗಿ ಆ ದೇಶಕ್ಕ ಹೋದಾಗ ನನಗ ಭಾಷಾ ಬರತಿರಲಿಲ್ಲ. ಹೊಟ್ಟ್ಯಾಗಿನ ಕೂಸು ಮಿಸುಕಾಡೂದು ಕಡಿಮಿ ಆತು. ದವಾಖಾನ್ಯಾಗ ನರ್ಸ್ ಏನೋ ಕೇಳಿದ್ಲು. ತಿಳೀಲಿಲ್ಲ, ನಕ್ಕೆ. ಆಕಿನೂ ನಕ್ಕು ಮನಿಗಿ ಕಳಿಸಿದ್ಲು." ನನ್ನ ಕಡೆ ತಿರುಗಿದರು. "ಕೂಸು ಉಳೀಲಿಲ್ಲ. ಅಲ್ಲಿ ನಿನ್ನ ಮಾರಿ ನೋಡಿ ತಿಳ್ಕೊಳ್ಳೋರು ಯಾರೂ ಇರೂದಿಲ್ಲ. ಬಾಯಿ ಬಿಟ್ಟ ಹೇಳಬೇಕು."

ಒಳಗೆ ಕರೆದೊಯ್ದು ಸಿನಿಮಾವನ್ನು ಮೊದಲಿಂದ ಹಾಕಿದರು. ನೀರು ಏರಿದಂತೆಲ್ಲ ನಿಲ್ಲಿಸಿ ಕೇಳಿದರು. ಅಂಜುತ್ತಲೇ ಕೊನೆಯವರೆಗೂ ಹೇಳಿದೆ.

ಈಗ ನಾನು ಜರ್ಮನಿಯ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿದ್ದೇನೆ. ಕಳೆದ ಮಳೆಗಾಲದಲ್ಲಿ ಅಕ್ಕಾರು ಆಪರೇಷನ್ ಆದಮೇಲೆ ಚೇತರಿಸಿಕೊಳ್ಳದೆ ತೀರಿಕೊಂಡರು. ಆಪರೇಷನ್ನಿನ ಹಿಂದಿನ ದಿನ ಅವರೇ ಫೋನ್ ಮಾಡಿದ್ದರು.

"ಇನ್ನೂ ಅಂಜಿಕಿ ಆಗತೈತೇನ?"

"ಹೂನ್ರಿ, ದಿನಾ."

"ಯಾರಿಗರೆ ಹೇಳ್ತೀಯಿಲ್ಲೋ?"

"ಹೇಳ್ತೇನ್ರಿ."

ಅಕ್ಕಾರು ಮೆಲ್ಲಗೆ, "ನನಗೂ ಆಗಾಕತ್ತೈತಿ ತಂಗಿ. ಫೋನ್ ಇಡಬ್ಯಾಡ" ಎಂದರು.

ನಾನು ಇಡಲಿಲ್ಲ. ಅವರಿಗೆ ನಿದ್ದೆ ಹತ್ತುವವರೆಗೂ ವಾರ್ಡಿನ ಸುದ್ದಿ, ಅವತ್ತು ಹುಟ್ಟಿದ ಕೂಸುಗಳ ಸುದ್ದಿ ಹೇಳುತ್ತಲೇ ಇದ್ದೆ.